ಒಂದೇ ರಕ್ತ, ಎರಡು ಟ್ಯೂಬು: ಸಂಧಿವಾತದವರ ಕೋಶಗಳಲ್ಲಿ ಮ್ಯುಟೇಷನ್ ಹುಡುಕಿದ ನನ್ನ ಅನುಭವ

ನಮ್ಮ ಅಜ್ಜಿಗೆ ರುಮಟಾಯ್ಡ್ ಸಂಧಿವಾತ ಇತ್ತು. ದೇಹದ ರೋಗನಿರೋಧಕ ಕೋಶಗಳೇ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ ಅದು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಮುದ್ದೆ ಕೋಲು ಹಿಡಿಯಲಾಗದೆ ಒಲೆ ಮುಂದೆ ಸುಮ್ನೆ ಕೂತಿರುತ್ತಿದ್ದರು. ಈಗ ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇದೇ ಕಾಯಿಲೆ ಇರುವವರ ಬಿಳಿ ರಕ್ತಕಣಗಳ ಡಿಎನ್‌ಎ ಓದುತ್ತೇನೆ. ಹೇಗೆ ಓದುತ್ತೇನೆ, ಎಲ್ಲಿ ಎಡವಿದೆ ಅಂತ ಬರೆಯಬೇಕು ಅನ್ನಿಸಿತು.

ಈ ಕೆಲಸಕ್ಕೆ ನಮ್ಮನ್ನು ಎಳೆದದ್ದು 2017ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಿಂದ ಬಂದ ಒಂದು ಸಂಶೋಧನೆ. ಅವರು ಹೊಸದಾಗಿ ಕಾಯಿಲೆ ಪತ್ತೆಯಾದ 25 ಜನರ ಟಿ ಕೋಶಗಳನ್ನು (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಬೇರ್ಪಡಿಸಿ, ರೋಗನಿರೋಧಕತೆಗೆ ಸಂಬಂಧಿಸಿದ 986 ಜೀನ್‌ಗಳನ್ನು ಆಳವಾಗಿ, ಅಂದರೆ ಒಂದೇ ಜಾಗವನ್ನು ಮತ್ತೆ ಮತ್ತೆ, ಓದಿದರು. 5 ಜನರ ಸಿಡಿ8 ಎಂಬ ಬಗೆಯ ಟಿ ಕೋಶಗಳಲ್ಲಿ ಮ್ಯುಟೇಷನ್, ಅಂದರೆ ಡಿಎನ್‌ಎ ಅಕ್ಷರದ ಬದಲಾವಣೆ, ಸಿಕ್ಕಿತು. ಅದೇ ಜನರ ಸಿಡಿ4 ಎಂಬ ಇನ್ನೊಂದು ಬಗೆಯ ಟಿ ಕೋಶಗಳಲ್ಲಿ ಇರಲಿಲ್ಲ. ಆರೋಗ್ಯವಾಗಿದ್ದ 20 ಜನರಲ್ಲಿ ಸಿಕ್ಕಿದ್ದು ಒಂದೇ ಒಂದು.

ಇವು ಅಪ್ಪ ಅಮ್ಮನಿಂದ ಬಂದವಲ್ಲ. ಕೋಶ ಒಡೆದು ಎರಡಾಗುವಾಗಲೆಲ್ಲ ಡಿಎನ್‌ಎಯ ಅಷ್ಟೂ ಅಕ್ಷರಗಳ ನಕಲು ಆಗಬೇಕು. ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಆ ಕೋಶ ಸಾವಿರ, ಲಕ್ಷವಾಗಿ ಬೆಳೆದರೆ ತಪ್ಪೂ ಅದರ ಜೊತೆ ಬೆಳೆಯುತ್ತದೆ. ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವ ಸಿಡಿ8 ಕೋಶಗಳು ಹೀಗೆ ಬೆಳೆಯುವುದರಲ್ಲಿ ಮುಂದು. ಆರೋಗ್ಯವಂತರಲ್ಲೂ ವಯಸ್ಸಾದಂತೆ ಇಂಥ ಗುಂಪುಗಳು ಬೆಳೆಯುತ್ತವೆ. ಹಾಗಾಗಿ ಮ್ಯುಟೇಷನ್ ಸಿಕ್ಕಿತು ಅಂದಮಾತ್ರಕ್ಕೆ ಕಾಯಿಲೆಗೆ ಅದೇ ಕಾರಣ ಅಂತ ಹೇಳಲು ಬರುವುದಿಲ್ಲ. ಇದನ್ನು ನಾನು ದಿನಾ ನೆನಪಿಟ್ಟುಕೊಳ್ಳುತ್ತೇನೆ.

ಕೆಲಸ ಶುರುವಾಗುವುದು ರಕ್ತ ಹೆಪ್ಪುಗಟ್ಟದಂತೆ ಇಡುವ ನೇರಳೆ ಮುಚ್ಚಳದ ಟ್ಯೂಬಿನಿಂದ. ಮೊದಲ ತಿಂಗಳು ಆಸ್ಪತ್ರೆಯಿಂದ ರಕ್ತ ತರುವ ಹುಡುಗ ಐಸ್ ಪ್ಯಾಕ್ ಮಧ್ಯೆ ಇಟ್ಟು ತರುತ್ತಿದ್ದ. ಒಳ್ಳೆಯದೇ ಅಂತ ನಾನೂ ಸುಮ್ಮನಿದ್ದೆ. ತಣ್ಣಗಾದ ರಕ್ತದಲ್ಲಿ ಕೋಶಗಳು ಸರಿಯಾಗಿ ಬೇರೆಯಾಗುವುದಿಲ್ಲ, ನಮಗೆ ಬೇಡದ ಕೋಶಗಳೆಲ್ಲ ಜೊತೆಗೇ ಬರುತ್ತವೆ. ಮೂರು ಸ್ಯಾಂಪಲ್ ಹಾಳಾದವು. ಕೈ ಗಂಟು ಊದಿಕೊಂಡವರು ತೋಳು ಚಾಚಿ ಕೊಟ್ಟ ರಕ್ತ ಅದು. ತುಂಬಾ ಬೇಜಾರಾಯಿತು. ಈಗ ಐಸ್ ಇಲ್ಲ. ರೂಮಿನ ತಾಪಮಾನದಲ್ಲೇ, ಅದೇ ದಿನ ಮಧ್ಯಾಹ್ನದೊಳಗೆ ಬರಬೇಕು.

ಕೋಶಗಳನ್ನು ತೂಕದ ಪ್ರಕಾರ ಪದರಗಳಾಗಿ ಬೇರೆ ಮಾಡುವ ಫೈಕಾಲ್ (Ficoll) ದ್ರವದ ಮೇಲೆ ರಕ್ತವನ್ನು ಟ್ಯೂಬಿನ ಗೋಡೆ ಸವರಿಕೊಂಡು ನಿಧಾನವಾಗಿ ಇಳಿಸುತ್ತೇನೆ. ಅರ್ಧ ಗಂಟೆ ಸೆಂಟ್ರಿಫ್ಯೂಜ್ ಎಂಬ ಗಿರಗಿರ ತಿರುಗಿಸುವ ಯಂತ್ರದಲ್ಲಿ, ಬ್ರೇಕ್ ಹಾಕದೆ. ಹೊರಗೆ ತೆಗೆದಾಗ ಕೆಳಗೆ ಕೆಂಪು, ಮೇಲೆ ಹಳದಿ, ನಡುವೆ ಗಂಜಿ ನೀರಿನ ಬಣ್ಣದ ಒಂದು ತೆಳು ಉಂಗುರ. ನಮಗೆ ಬೇಕಾದ ಕೋಶಗಳೆಲ್ಲ ಆ ಉಂಗುರದಲ್ಲೇ. ಅದರಿಂದ ಸಿಡಿ8 ಕೋಶಗಳನ್ನು ಅಯಸ್ಕಾಂತದ ಮಣಿಗಳಿಂದ ಹಿಡಿಯುತ್ತೇವೆ, ಆಮೇಲೆ ಸಿಡಿ4. ಒಂದೇ ಮನುಷ್ಯನ ಒಂದೇ ರಕ್ತ ಎರಡು ಟ್ಯೂಬಾಗುತ್ತದೆ. ಹುಟ್ಟಿನಿಂದ ಬಂದ ಬದಲಾವಣೆಯಾದರೆ ಎರಡರಲ್ಲೂ ಕಾಣಬೇಕು. ಒಂದರಲ್ಲಿ ಮಾತ್ರ ಕಂಡರೆ ಆ ಕೋಶಗಳಲ್ಲಿ ಆಮೇಲೆ ಆದದ್ದು. ಅದಕ್ಕೇ ನಾನು ಈ ಬೇರ್ಪಡಿಸುವ ಕೆಲಸಕ್ಕೆ ಕೊಡುವಷ್ಟು ಹೊತ್ತು ಬೇರೆ ಯಾವುದಕ್ಕೂ ಕೊಡುವುದಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಒಂದು ಲೆಕ್ಕ ಹೇಳಬೇಕು. ಒಂದು ಕೋಶದಲ್ಲಿ ಇರುವ ಡಿಎನ್‌ಎ ಸುಮಾರು 6 ಪಿಕೊಗ್ರಾಂ. ನೀವು ಓದಲು 10 ನ್ಯಾನೊಗ್ರಾಂ (ಅಂದರೆ 10,000 ಪಿಕೊಗ್ರಾಂ) ಹಾಕಿದರೆ ಹತ್ತಿರ ಹತ್ತಿರ 1,600 ಕೋಶಗಳದ್ದು. ಅಷ್ಟರಲ್ಲಿ ಸಾವಿರಕ್ಕೆ ಒಂದು ಕೋಶದ ಬದಲಾವಣೆ ಹುಡುಕುತ್ತೇನೆ ಅಂತ ಹೊರಟರೆ ಸಿಗುವುದಾದರೂ ಹೇಗೆ? ಮೆಷಿನ್ ಎಷ್ಟು ಸಾವಿರ ಸಲ ಓದಿದರೂ ಇಲ್ಲದ ಕೋಶವನ್ನು ತಂದುಕೊಡುವುದಿಲ್ಲ. ಜೊತೆಗೆ ಮೆಷಿನ್ನಿನ ಓದು ಚೆನ್ನಾಗಿದೆ ಅಂದಾಗಲೂ ಸಾವಿರ ಅಕ್ಷರಕ್ಕೆ ಒಂದು ತಪ್ಪಾಗಬಹುದು. ಅದಕ್ಕೆ ಪ್ರತಿ ತುಣುಕಿಗೂ ಮೊದಲೇ ಬೇರೆ ಬೇರೆ ಗುರುತಿನ ಬಾಲ ಅಂಟಿಸಿ, ಆಮೇಲೆ ಅದರ ಪ್ರತಿಗಳನ್ನು ಮಾಡಿ ಓದುತ್ತೇವೆ. ಒಂದೇ ಬಾಲದ ಪ್ರತಿಗಳೆಲ್ಲ ಒಂದೇ ಮಾತು ಹೇಳಿದರೆ ಮಾತ್ರ ನಂಬುವುದು.

ಇಷ್ಟೆಲ್ಲ ಮಾಡಿಯೂ ನನ್ನ ಮೊದಲ 'ಮ್ಯುಟೇಷನ್' ಸುಳ್ಳಾಗಿತ್ತು. ಒಂದು ಜಿ ಅಕ್ಷರ ಟಿ ಆಗಿತ್ತು, ಸಿಡಿ8ನಲ್ಲಿ ಮಾತ್ರ. ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಒಂದೊಂದೇ ರೀಡ್ (ಮೆಷಿನ್ ಒಂದು ಸಲ ಓದಿದ ತುಣುಕಿನ ಸಾಲು) ಬಿಡಿಸಿ ನೋಡಿದೆ. ನಾವು ತುಣುಕನ್ನು ಎರಡೂ ತುದಿಯಿಂದ ಓದುತ್ತೇವೆ. ನಿಜವಾದ ಬದಲಾವಣೆ ಎರಡೂ ಓದಿನಲ್ಲಿ ಸರಿಸುಮಾರು ಸಮವಾಗಿ ಕಾಣಬೇಕು. ಇದು ಮೊದಲ ತುದಿಯ ಓದಿನಲ್ಲಿ ಮಾತ್ರ ಇತ್ತು. ಡಿಎನ್‌ಎಯನ್ನು ಶಬ್ದದ ಅಲೆಗಳಿಂದ ತುಂಡು ಮಾಡುವಾಗ ಜಿ ಅಕ್ಷರ ಆಕ್ಸಿಜನ್ ಹಿಡಿದು ಕೆಡುತ್ತದೆ, ಆಮೇಲೆ ಟಿ ಥರ ಓದಿಸಿಕೊಳ್ಳುತ್ತದೆ. ಅದು ರೋಗಿಯ ಮೈಯಲ್ಲಿ ಆದದ್ದಲ್ಲ, ನಮ್ಮ ಟೇಬಲ್ ಮೇಲೆ ಆದದ್ದು. ಅವತ್ತಿನಿಂದ ಒಂದು ನಿಯಮ: ಅದೇ ಡಿಎನ್‌ಎಯಿಂದ ಬೇರೆ ದಿನ, ಮೊದಲಿನಿಂದ ಮತ್ತೆ ಲೈಬ್ರರಿ, ಅಂದರೆ ಮೆಷಿನ್ನಿಗೆ ಹಾಕಲು ಬಾಲ ಅಂಟಿಸಿದ ತುಣುಕುಗಳ ಗುಂಪು, ಮಾಡಬೇಕು. ಎರಡರಲ್ಲೂ ಬಂದರೆ ಮಾತ್ರ ಪುಸ್ತಕದಲ್ಲಿ ಬರೆಯುವುದು.

ಹಾಗೆ ಉಳಿದುಕೊಂಡದ್ದು ಒಬ್ಬ ಮಹಿಳೆಯ ಸ್ಯಾಂಪಲ್. ಸಿಡಿ8ನಲ್ಲಿ ಶೇ. 8ರಷ್ಟು ರೀಡುಗಳಲ್ಲಿ ಬದಲಾವಣೆ. ಸಿಡಿ4ನಲ್ಲಿ ಇಲ್ಲ. ಜೀನಿನ ಎರಡು ಪ್ರತಿಯಲ್ಲಿ ಒಂದು ಮಾತ್ರ ಬದಲಾಗಿದ್ದರೆ, ಶೇ. 16ರಷ್ಟು ಕೋಶಗಳಲ್ಲಿ ಅದು ಇದೆ ಅಂತ ಅರ್ಥ, ಅಲ್ವಾ? ಟಿ ಕೋಶಗಳನ್ನು ಅವುಗಳ ಗ್ರಾಹಕದ (ಶತ್ರುವನ್ನು ಗುರುತಿಸಲು ಕೋಶದ ಮೈಮೇಲಿರುವ ಪ್ರೋಟೀನು) ಪ್ರಕಾರ ವಿ-ಬೀಟಾ ಎಂಬ ಗುಂಪುಗಳಾಗಿ ವಿಂಗಡಿಸಬಹುದು. ಇವರಲ್ಲಿ ಒಂದು ಗುಂಪೇ ಸಿಡಿ8 ಕೋಶಗಳ ಶೇ. 20ರಷ್ಟು ಜಾಗ ಹಿಡಿದಿತ್ತು. ಮ್ಯುಟೇಷನ್ ಅಲ್ಲೇ ಇದ್ದರೆ, ಆ ಗುಂಪನ್ನಷ್ಟೇ ಹೆಕ್ಕಿ ಓದಿದಾಗ ಅಂಕಿ ಶೇ. 40ರ ಹತ್ತಿರಕ್ಕೆ ಏರಬೇಕು (20ರಲ್ಲಿ 16 ಅಂದರೆ ಶೇ. 80ರಷ್ಟು ಕೋಶಗಳು, ರೀಡುಗಳಲ್ಲಿ ಅದರ ಅರ್ಧ). ಕೋಶಗಳನ್ನು ಒಂದೊಂದಾಗಿ ಹೆಕ್ಕುವ ಸಾರ್ಟರ್ ಯಂತ್ರದ ಮುಂದೆ ಒಂದು ಸಂಜೆ ಪೂರ್ತಿ ಕೂತೆ. ವಾರ ಕಳೆದು ಫಲಿತಾಂಶ ಬಂತು: 40. ಉಳಿದ ಸಿಡಿ8 ಕೋಶಗಳಲ್ಲಿ ಹೆಚ್ಚುಕಡಿಮೆ ಸೊನ್ನೆ. ಪರದೆ ಮೇಲೆ ಆ ಅಂಕಿ ನೋಡಿ ಕಣ್ಣು ತುಂಬಿತು.

ಅವರು ಮುಂದಿನ ಸಲ ರಕ್ತ ಕೊಡಲು ಬಂದಾಗ ಕೇಳಿದ್ದು ಒಂದೇ ಮಾತು. "ಮೇಡಂ, ಇದು ನನ್ನ ಮಗಳಿಗೂ ಬರುತ್ತಾ?"

"ನಾವು ನೋಡ್ತಿರೋ ಬದಲಾವಣೆ ಬರಲ್ಲಮ್ಮ. ಅದು ನಿಮ್ಮ ರಕ್ತದ ಕೆಲವು ಕೋಶಗಳಲ್ಲಿ ಮಾತ್ರ ಇರೋದು."

ಅಷ್ಟಕ್ಕೇ ನಿಲ್ಲಿಸಿದ್ದರೆ ಪೂರ್ತಿ ನಿಜ ಹೇಳಿದಂತಾಗುತ್ತಿರಲಿಲ್ಲ. ಅಪ್ಪ ಅಮ್ಮನಿಂದ ಬರುವ, ರೋಗನಿರೋಧಕತೆಗೆ ಸಂಬಂಧಿಸಿದ ಎಚ್‌ಎಲ್‌ಎ ಥರದ ಜೀನ್‌ಗಳಿಂದ ಕಾಯಿಲೆಯ ಸಾಧ್ಯತೆ ಮನೆತನದಲ್ಲಿ ಸ್ವಲ್ಪ ಜಾಸ್ತಿ ಇರಬಹುದು, ಆದರೆ ಮಗಳಿಗೆ ಬಂದೇ ಬರುತ್ತದೆ ಅಂತಲ್ಲ ಎಂದು ಕೂತು ವಿವರಿಸಿದೆ. ನಮ್ಮ ಫಲಿತಾಂಶ ನೋಡಿ ಮಾತ್ರೆ ನಿಲ್ಲಿಸುವುದಾಗಲಿ ಬದಲಿಸುವುದಾಗಲಿ ಬೇಡ, ಡಾಕ್ಟರ್ ಹೇಳಿದ ಸಂಧಿವಾತದ ಔಷಧಿ ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ತಪ್ಪದೆ ತೊಗೊಳ್ಳಿ ಅಂತಲೂ ಹೇಳಿದೆ. ಇದನ್ನು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ವರ್ಷ ಕಳೆದ ಮೇಲಿನ ಸ್ಯಾಂಪಲ್ಲಿನಲ್ಲೂ ಅದೇ ಮ್ಯುಟೇಷನ್ ಇದೆ, ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ. ಅಷ್ಟರಲ್ಲಿ ಅವರ ಬೆರಳುಗಳ ಊತ ಎಷ್ಟೋ ಇಳಿದಿತ್ತು. ಹೆಲ್ಸಿಂಕಿಯವರೂ ಇವು ಹೀಗೇ ಉಳಿದುಕೊಳ್ಳುತ್ತವೆ ಅಂತ ಕಂಡಿದ್ದರು. ಹಾಗಾದರೆ ಈ ಗುಂಪು ಕೀಲಿನಲ್ಲಿ ಏನಾದರೂ ಮಾಡುತ್ತಿದೆಯಾ, ರಕ್ತದಲ್ಲಿ ಸುಮ್ನೆ ತಿರುಗಾಡಿಕೊಂಡಿದೆಯಾ? ಉತ್ತರ ಸಿಗಬೇಕಾದರೆ ಕೀಲಿನ ನೀರೇ ಬೇಕು. ಮಂಡಿಯಲ್ಲಿ ನೀರು ತುಂಬಿ ಯಾವಾಗಲಾದರೂ ತೆಗೆಯಬೇಕಾಗಿ ಬಂದರೆ ಅದನ್ನು ಚೆಲ್ಲದೆ ನಮಗೆ ಕೊಡಿ ಎಂದು, ಅವರ ಒಪ್ಪಿಗೆ ಪತ್ರದ ಜೊತೆ ಡಾಕ್ಟರಿಗೆ ಕೇಳಿಟ್ಟಿದ್ದೇನೆ. ಅವರ ವಿ-ಬೀಟಾ ಗುಂಪಿನ ಕೋಶಗಳಿಗೇ ಅಂಟಿ ಗುರುತು ಹಿಡಿಯುವ ಆಂಟಿಬಾಡಿ ಫ್ರಿಜ್ಜಿನ ಮೇಲಿನ ತಟ್ಟೆಯಲ್ಲಿ ಬೇರೆ ಡಬ್ಬಿಯಲ್ಲಿ ಎತ್ತಿಟ್ಟಿದೆ.