ಒಂದು ಸಾಲಿನ ಬದಲಾವಣೆ, ಹತ್ತು ತಿಂಗಳ ಕೆಲಸ: ದೊಡ್ಡ ತಂತ್ರಜ್ಞಾನ ಕಂಪನಿಯಲ್ಲಿ ನನ್ನ ಅನುಭವ

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಚೇರಿ ಹೊಂದಿರುವ ಒಂದು ದೊಡ್ಡ ತಂತ್ರಜ್ಞಾನ ಕಂಪನಿಗೆ ನಾನು 2015ರಲ್ಲಿ ಸೇರಿದೆ. ಅದಕ್ಕೂ ಮೊದಲು ಮೂರು ವರ್ಷ ಹನ್ನೆರಡು ಜನರ ಸಣ್ಣ ಸಂಸ್ಥೆಯೊಂದರಲ್ಲಿದ್ದೆ. ಅಲ್ಲಿ ಬೆಳಿಗ್ಗೆ ಬರೆದ ಕೋಡ್ ಸಂಜೆಯೊಳಗೆ ಗ್ರಾಹಕರ ಬಳಕೆಗೆ ಸಿಗುತ್ತಿತ್ತು. ಹೊಸ ಕಂಪನಿಯಲ್ಲಿ ನನ್ನ ಮೊದಲ ಬದಲಾವಣೆ, ಪ್ರೋಗ್ರಾಂ ತನ್ನ ಕೆಲಸವನ್ನು ದಾಖಲಿಸುವ ಲಾಗ್‌ನಲ್ಲಿದ್ದ ತಪ್ಪು ಸಂದೇಶವನ್ನು ಸರಿಪಡಿಸುವ ನಾಲ್ಕೇ ಸಾಲು, ಬಳಕೆಗೆ ಬರಲು ಹನ್ನೊಂದು ದಿನ ಹಿಡಿಯಿತು. ಅದನ್ನು ಇಬ್ಬರು ಓದಿ ಒಪ್ಪಬೇಕಿತ್ತು, ಅವರಲ್ಲೊಬ್ಬರು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದರು. ಅವರಿಗೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಯ ಅಂತರವಿರುವುದರಿಂದ ಅವರು ಕೇಳುವ ಪ್ರತಿಯೊಂದು ಪ್ರಶ್ನೆಗೂ ಒಂದು ದಿನ ಕಳೆಯುತ್ತಿತ್ತು. ಹಾಗಾಗಿ ಪ್ರಶ್ನೆಯೇ ಏಳದಂತೆ ಬರೆಯುವುದನ್ನು ನಾನು ಕಲಿಯಬೇಕಾಯಿತು: ಈ ಬದಲಾವಣೆ ಏಕೆ, ಏನನ್ನು ಪರೀಕ್ಷಿಸಿದ್ದೇನೆ, ಕೆಟ್ಟರೆ ಹಿಂದಕ್ಕೆ ತರುವುದು ಹೇಗೆ.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇದು ಸುಲಭವಾಗಿರಲಿಲ್ಲ. ಇಂಗ್ಲಿಷಿನಲ್ಲಿ ನೇರವಾಗಿ ಬರೆದರೆ ವಾಕ್ಯಗಳು ಸರಿಯಾಗಿದ್ದರೂ ಕಾರಣ ಮಸುಕಾಗಿರುತ್ತಿತ್ತು. ಆದ್ದರಿಂದ ಒಂದು ನೋಟ್‌ಪುಸ್ತಕವನ್ನಿಟ್ಟುಕೊಂಡು ಆ ಮೂರು ಪ್ರಶ್ನೆಗಳ ಉತ್ತರವನ್ನು ಮೊದಲು ಕನ್ನಡದಲ್ಲಿ ಬರೆಯತೊಡಗಿದೆ. ಕನ್ನಡದಲ್ಲಿ ಬರೆಯಲು ತಡವರಿಸಿದ ಕಡೆಯಲ್ಲೆಲ್ಲ ನನಗೆ ವಿಷಯವೇ ಸರಿಯಾಗಿ ತಿಳಿದಿಲ್ಲ ಎಂಬುದು ಕೆಲವೇ ವಾರಗಳಲ್ಲಿ ಗೊತ್ತಾಯಿತು. ಈ ಅಭ್ಯಾಸವನ್ನು ನಾನು ಇಂದಿಗೂ ಬಿಟ್ಟಿಲ್ಲ.

ಆರು ವಾರಗಳಿಗೊಮ್ಮೆ ನನ್ನ ಆನ್‌ಕಾಲ್ ಸರದಿ ಬರುತ್ತಿತ್ತು. ಆ ವಾರ ಹಗಲು ರಾತ್ರಿ ಯಾವಾಗ ಎಚ್ಚರಿಕೆಯ ಕರೆ ಬಂದರೂ ಐದು ನಿಮಿಷದೊಳಗೆ ಲ್ಯಾಪ್‌ಟಾಪ್ ತೆರೆದಿರಬೇಕು. ಕಂಪನಿಯ ನಿಧಾನಗತಿಗೆ ಕಾರಣ ನನಗೆ ಅರ್ಥವಾದದ್ದು ಈ ಸರದಿಯಲ್ಲೇ. ಮೂವತ್ತು ದಿನಗಳೆಂದರೆ 43,200 ನಿಮಿಷ. ಸೇವೆ ಶೇಕಡ 99.9ರಷ್ಟು ಲಭ್ಯವಿರುತ್ತದೆ ಎಂದು ಮಾತು ಕೊಟ್ಟರೆ ತಿಂಗಳಿಗೆ 43 ನಿಮಿಷ ಕೆಟ್ಟು ನಿಲ್ಲಲು ಅವಕಾಶವಿದೆ, ಶೇಕಡ 99.99 ಎಂದರೆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡೂ ಇಲ್ಲ. ಅಷ್ಟರಲ್ಲಿ ಮನುಷ್ಯ ನಿದ್ದೆಯಿಂದ ಎದ್ದು ಏನಾಗಿದೆಯೆಂದು ಓದಿ ಮುಗಿಸುವುದೇ ಕಷ್ಟ. ಈ ಲೆಕ್ಕ ಮನಸ್ಸಿನಲ್ಲಿ ಕುಳಿತ ಮೇಲೆ ಹನ್ನೊಂದು ದಿನದ ಬಗ್ಗೆ ನನಗೆ ಸಿಟ್ಟು ಉಳಿಯಲಿಲ್ಲ.

ಹಾಗಿದ್ದರೂ 2018ರಲ್ಲಿ ಒಂದು ದೊಡ್ಡ ತಪ್ಪು ನನ್ನಿಂದಲೇ ಆಯಿತು. ನಮ್ಮ ಸೇವೆ ಮೂರು ಪದರಗಳ ನಡುವಿನದು: ಮೇಲಿನ ಪದರ ಬಳಕೆದಾರರ ಕೋರಿಕೆಯನ್ನು ಪಡೆಯುತ್ತದೆ, ನಮ್ಮದು ಖಾತೆಯನ್ನು ಪರಿಶೀಲಿಸುತ್ತದೆ, ಕೆಳಗಿನದು ಡೇಟಾಬೇಸನ್ನು ಓದುತ್ತದೆ. ಆಗಾಗ ವಿಫಲವಾಗುತ್ತಿದ್ದ ಕೆಲವು ಕೋರಿಕೆಗಳನ್ನು ಉಳಿಸಲೆಂದು ನಾನು ನಮ್ಮ ಪದರದ ಪ್ರಯತ್ನಗಳ ಮಿತಿಯನ್ನು ಒಂದರಿಂದ ಮೂರಕ್ಕೆ ಏರಿಸಿದೆ. ಬದಲಾದದ್ದು ಒಂದೇ ಸಾಲು. ಮೇಲಿನ ಪದರವೂ ಮೂರು ಬಾರಿ ಪ್ರಯತ್ನಿಸುತ್ತದೆ, ಕೆಳಗಿನ ಪದರದ ಲೈಬ್ರರಿಯೂ (ಹಲವು ಸೇವೆಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡ್) ಮೂರು ಬಾರಿ ಪ್ರಯತ್ನಿಸುತ್ತದೆ ಎಂಬುದನ್ನು ನಾನು ನೋಡಿರಲಿಲ್ಲ. ಮೂರನ್ನು ಮೂರರಿಂದ, ಮತ್ತೆ ಮೂರರಿಂದ ಗುಣಿಸಿದರೆ ಇಪ್ಪತ್ತೇಳು. ಎಲ್ಲವೂ ಸರಿಯಿರುವಾಗ ಈ ಗುಣಾಕಾರ ಕಾಣಿಸುವುದಿಲ್ಲ, ಏಕೆಂದರೆ ಮೊದಲ ಪ್ರಯತ್ನವೇ ಸಫಲವಾಗುತ್ತದೆ. ಎರಡು ವಾರ ಎಲ್ಲವೂ ಚೆನ್ನಾಗಿತ್ತು, ವೈಫಲ್ಯಗಳು ಕಡಿಮೆಯಾಗಿದ್ದವು, ನನಗೆ ಸಂತೋಷವೂ ಆಗಿತ್ತು.

ನಂತರದ ಗುರುವಾರ ಮಧ್ಯಾಹ್ನ ನಿರ್ವಹಣೆಯ ಕೆಲಸವೊಂದರಿಂದ ಡೇಟಾಬೇಸ್ ಎರಡು ನಿಮಿಷ ನಿಧಾನವಾಯಿತು. ಕೋರಿಕೆಗಳ ಕಾಲಮಿತಿ ಮುಗಿದು ಮರುಪ್ರಯತ್ನಗಳು ಆರಂಭವಾದವು. ಆ ಮರುಪ್ರಯತ್ನಗಳ ಭಾರದಿಂದಲೇ ಡೇಟಾಬೇಸ್ ಇನ್ನಷ್ಟು ನಿಧಾನವಾಗಿ ಮತ್ತಷ್ಟು ಮರುಪ್ರಯತ್ನಗಳು ಹುಟ್ಟಿದವು. ಮೂಲ ಕಾರಣ ಎರಡೇ ನಿಮಿಷದಲ್ಲಿ ಮುಗಿದುಹೋಗಿದ್ದರೂ ಸೇವೆ ಮೇಲೇಳಲಿಲ್ಲ. ಆ ವಾರ ಆನ್‌ಕಾಲ್‌ನಲ್ಲಿದ್ದವನೂ ನಾನೇ. ಗಾಬರಿಯಲ್ಲಿ ನಮ್ಮ ಪದರಕ್ಕೆ ಹೆಚ್ಚಿನ ಸರ್ವರ್‌ಗಳನ್ನು ಸೇರಿಸಿದೆ. ಅದರಿಂದ ಕೆಳಗೆ ಹೋಗುವ ಕೋರಿಕೆಗಳು ಹೆಚ್ಚಾದವೇ ಹೊರತು ಬೇರೇನೂ ಆಗಲಿಲ್ಲ. ಆಗ ಕರೆಗೆ ಸೇರಿಕೊಂಡ ಹಿರಿಯ ಸಹೋದ್ಯೋಗಿಯೊಬ್ಬರು, "ಕಾರಣ ಆಮೇಲೆ ಹುಡುಕೋಣ, ಈ ಎರಡು ವಾರದಲ್ಲಿ ಏನು ಬದಲಾಗಿದೆ ಹೇಳಿ" ಎಂದು ಕೇಳಿದರು. ಒಂದು ಕ್ಷಣ ತಡೆದು, ನನ್ನ ಬದಲಾವಣೆಯ ವಿಷಯ ಹೇಳಿದೆ. ಅವರು ಮತ್ತೇನೂ ಕೇಳಲಿಲ್ಲ. ಅದನ್ನು ಹಿಂದಕ್ಕೆ ತಂದು, ಮೇಲಿನ ಪದರದಲ್ಲಿಯೇ ಅರ್ಧದಷ್ಟು ಕೋರಿಕೆಗಳನ್ನು ತಿರಸ್ಕರಿಸಿ, ಆಮೇಲೆ ಸ್ವಲ್ಪಸ್ವಲ್ಪವಾಗಿ ಒಳಗೆ ಬಿಡುತ್ತಾ ಹೋದೆವು. ಒಟ್ಟು 38 ನಿಮಿಷ. ಇಡೀ ತಿಂಗಳ 43 ನಿಮಿಷದಲ್ಲಿ ಉಳಿದದ್ದು ಐದು.

ಇಂಥ ಘಟನೆಯ ನಂತರ ಏನಾಯಿತು, ಏಕಾಯಿತು ಎಂದು ವಿವರಿಸುವ ಪೋಸ್ಟ್‌ಮಾರ್ಟಮ್ ವರದಿ ಬರೆಯುವುದು ರೂಢಿ, ಅದರಲ್ಲಿ ಯಾರ ಹೆಸರೂ ಇರಬಾರದು ಎಂಬುದು ನಿಯಮ. ಬರೆಯುವ ಮೊದಲು ನಾನು ಅಮೆಜಾನ್ ತನ್ನ ಎಸ್‌3 ಸಂಗ್ರಹಣಾ ಸೇವೆ 2017ರ ಫೆಬ್ರವರಿ 28ರಂದು ಕೆಟ್ಟುನಿಂತ ಬಗ್ಗೆ ಪ್ರಕಟಿಸಿದ ವಿವರಣೆಯನ್ನು ಓದಿದೆ. ಒಂದು ಆದೇಶದಲ್ಲಿ ತಪ್ಪು ಮೌಲ್ಯ ನಮೂದಾಗಿ, ಉದ್ದೇಶಿಸಿದ್ದಕ್ಕಿಂತ ಹೆಚ್ಚು ಸರ್ವರ್‌ಗಳು ತೆಗೆದುಹಾಕಲ್ಪಟ್ಟಿದ್ದವು. ಅವರು ಬದಲಿಸಿದ್ದು ಆ ಉಪಕರಣವನ್ನು: ಸರ್ವರ್‌ಗಳನ್ನು ನಿಧಾನವಾಗಿಯೇ ತೆಗೆಯುವಂತೆ, ಕನಿಷ್ಠ ಸಾಮರ್ಥ್ಯಕ್ಕಿಂತ ಕೆಳಗೆ ಹೋಗಲು ಬಿಡದಂತೆ. ನನ್ನ ವರದಿಯನ್ನೂ ಅದೇ ದಾರಿಯಲ್ಲಿ ಬರೆದೆ. ಮೂರು ಪದರಗಳ ಮಿತಿಗಳನ್ನು ಒಟ್ಟಿಗೆ ನೋಡುವ ಜಾಗವೇ ಇರಲಿಲ್ಲ ಎಂಬುದು ಅದರ ಮುಖ್ಯ ಅಂಶವಾಗಿತ್ತು.

ಹೆಸರಿಲ್ಲದ ವರದಿಯಿಂದ ಭಯ ಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ವಾರ್ಷಿಕ ಮೌಲ್ಯಮಾಪನದವರೆಗೆ ನಾನು ನೆಮ್ಮದಿಯಿಂದ ನಿದ್ರಿಸಲಿಲ್ಲ. ನಮ್ಮ ಮ್ಯಾನೇಜರ್ ಆ ವಿಷಯವನ್ನು ಅಲ್ಲಿ ಎತ್ತಲೇ ಇಲ್ಲ, ಅದಕ್ಕೆ ನಾನು ಋಣಿ. ಆದರೆ ಪಕ್ಕದ ತಂಡವೊಂದರಲ್ಲಿ ಮ್ಯಾನೇಜರ್ ಸಭೆಯ ನಡುವೆ "ಇದಕ್ಕೆ ಒಪ್ಪಿಗೆ ಕೊಟ್ಟವರು ಯಾರು?" ಎಂದು ಕೇಳಿದ್ದನ್ನು ಕಂಡಿದ್ದೇನೆ, ಅಂದಿನಿಂದ ಆ ತಂಡದ ವರದಿಗಳು ಅರ್ಧ ಪುಟಕ್ಕೆ ಇಳಿದವು. ಒಂದೇ ಕಂಪನಿ, ಒಂದೇ ನಿಯಮ. ಆದರೆ ನೌಕರನ ಅನುಭವ ಹತ್ತು ಹನ್ನೆರಡು ಜನರ ತನ್ನ ತಂಡದಲ್ಲೇ ನಿರ್ಧಾರವಾಗುತ್ತದೆ. ಕೆಲಸಕ್ಕೆ ಸೇರುವವರು ಕಂಪನಿಯ ಹೆಸರಿಗಿಂತ ಹೆಚ್ಚಾಗಿ ತಂಡದ ಬಗ್ಗೆಯೇ ವಿಚಾರಿಸಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ಪರಿಹಾರ ಸರಳವಾಗಿತ್ತು. ಮರುಪ್ರಯತ್ನ ಮೇಲಿನ ಪದರದಲ್ಲಿ ಮಾತ್ರ ಇರಬೇಕು. ಪ್ರತಿ ಬಾರಿ ಕಾಯುವ ಅವಧಿ ಇಮ್ಮಡಿಯಾಗಬೇಕು, ಎಲ್ಲ ಸರ್ವರ್‌ಗಳೂ ಒಂದೇ ಕ್ಷಣದಲ್ಲಿ ಬಾಗಿಲು ತಟ್ಟದಂತೆ ಆ ಅವಧಿಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರಬೇಕು. ಒಟ್ಟು ಮರುಪ್ರಯತ್ನಗಳು ಮೂಲ ಕೋರಿಕೆಗಳ ಶೇಕಡ ಹತ್ತನ್ನು ಮೀರಬಾರದು. ಮೇಲಿನ ಎರಡು ಪದರಗಳಲ್ಲಿ ಇದು ಒಂದು ವಾರದಲ್ಲಿ ಮುಗಿಯಿತು. ಕೆಳಗಿನ ಲೈಬ್ರರಿ ಮಾತ್ರ ಬೇರೆ ದೇಶದ ತಂಡದ್ದು, ಅದನ್ನು ನೂರಕ್ಕೂ ಹೆಚ್ಚು ಸೇವೆಗಳು ಬಳಸುತ್ತಿದ್ದವು. ಅವರು ಒಪ್ಪಲಿಲ್ಲ. ಕೆಲವು ಸೇವೆಗಳ ಮೇಲೆ ಮರುಪ್ರಯತ್ನಿಸುವ ಪದರವೇ ಇಲ್ಲ, ಅವುಗಳ ಗತಿಯೇನು ಎಂಬ ಅವರ ಆಕ್ಷೇಪ ನ್ಯಾಯವಾದದ್ದೇ ಆಗಿತ್ತು. ಆರು ಪುಟದ ಪ್ರಸ್ತಾವ ಬರೆದೆ, ಅಂಥ ಸೇವೆಗಳನ್ನು ಒಂದೊಂದಾಗಿ ಗುರುತಿಸಿದೆ, ರಾತ್ರಿ ಒಂಬತ್ತೂವರೆಯ ಸಭೆಗಳಲ್ಲಿ ಕುಳಿತೆ. ಬದಲಾವಣೆ ಮೊದಲು ಶೇಕಡ ಒಂದರಷ್ಟು ಸರ್ವರ್‌ಗಳಿಗೆ, ಆಮೇಲೆ ಹತ್ತಕ್ಕೆ, ಕೊನೆಗೆ ಎಲ್ಲಕ್ಕೂ ತಲುಪುವಾಗ ಹತ್ತು ತಿಂಗಳಾಗಿತ್ತು.

ಆ ದಿನ ಸೇವೆಯ ಸ್ಥಿತಿಯನ್ನು ತೋರಿಸುವ ಡ್ಯಾಶ್‌ಬೋರ್ಡಿನ ಗೆರೆಯಲ್ಲಿ ಯಾವ ಏರಿಳಿತವೂ ಕಾಣಲಿಲ್ಲ. ಆಗದೇ ಉಳಿದ ಅವಘಡವನ್ನು ಮೌಲ್ಯಮಾಪನದಲ್ಲಿ ಹೇಗೆ ತೋರಿಸುವುದೆಂದು ಯೋಚಿಸಿ, ಪರೀಕ್ಷಾ ವ್ಯವಸ್ಥೆಯಲ್ಲಿ ಡೇಟಾಬೇಸನ್ನು ಎರಡು ನಿಮಿಷ ಬೇಕೆಂದೇ ನಿಧಾನಗೊಳಿಸಿ ಅಳೆದೆ. ಹಳೆಯ ವ್ಯವಸ್ಥೆ ನಾವು ಕೈಹಾಕಿ ನಿಲ್ಲಿಸುವವರೆಗೂ ಚೇತರಿಸಿಕೊಳ್ಳಲಿಲ್ಲ. ಹೊಸದು ಡೇಟಾಬೇಸ್ ಸರಿಯಾದ ಒಂದು ನಿಮಿಷದೊಳಗೆ ಚೇತರಿಸಿಕೊಂಡಿತು. ಎರಡೂ ಗ್ರಾಫ್‌ಗಳನ್ನು ಅಕ್ಕಪಕ್ಕ ಲಗತ್ತಿಸಿದೆ. ವಿವರಣೆಗೆ ಎರಡು ಸಾಲು ಸಾಕಾಯಿತು.