ಜೀಪಿನ ಸರಪಳಿ ಮತ್ತು ಬೆಸೆಲ್ ಫಂಕ್ಷನ್: ಕೈಲೆಕ್ಕ ಮಾಡುವ ಬಗೆ

ಕಕ್ಕಡ ತಿಂಗಳ ಮಳೆ ಹಿಡಿದರೆ ನಮ್ಮ ಕೊಡಗಿನ ಮೂರ್ನಾಡು ಕಡೆ ಹೋದ ಕರೆಂಟು ಮತ್ತೆ ಬರಲು ಎರಡು ಮೂರು ದಿನ ಬೇಕು. ಹೋದ ವರ್ಷ ಅಂಥದ್ದೇ ಒಂದು ಮಧ್ಯಾಹ್ನ, ಪಕ್ಕದ ತೋಟದ ಹುಡುಗಿ ಕೊಡೆ ಮಡಚಿಟ್ಟು ಒಳಗೆ ಬಂದಳು. ಬಿ.ಎಸ್ಸಿ. ಓದುತ್ತಾಳೆ. ನೋಟ್‌ಬುಕ್ ತೆರೆದು, "ಟೀಚರ್, ಈ ಶ್ರೇಣಿ ಮುಗಿಯುವುದೇ ಇಲ್ಲವಲ್ಲ, ಮತ್ತೆ ಉತ್ತರ ಬರುವುದು ಹೇಗೆ?" ಎಂದು ಕೇಳಿದಳು. ಲ್ಯಾಪ್‌ಟಾಪ್, ಮೊಬೈಲ್ ಎರಡೂ ಸತ್ತಿದ್ದವು. ಒಳ್ಳೆಯದೇ ಆಯಿತು. ಒಂದು ಪೆನ್ಸಿಲ್, ಎರಡು ಹಾಳೆ ಸಾಕು ಎಂದೆ. ಅವತ್ತು ಅವಳಿಗೆ ತೋರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶ್ರೇಣಿ ಎಂದರೆ ಒಂದರ ಹಿಂದೆ ಒಂದು ಪದ ಕೂಡಿಸುತ್ತಾ ಕಳೆಯುತ್ತಾ ಹೋಗುವ ಲೆಕ್ಕ. ಫಂಕ್ಷನ್ ಎಂದರೆ ಒಂದು ಸಂಖ್ಯೆ ಹಾಕಿದರೆ ಅದಕ್ಕೆ ಒಂದು ಉತ್ತರ ಕೊಡುವ ಸೂತ್ರ. ಆ ಶ್ರೇಣಿಯ ಹೆಸರು ಬೆಸೆಲ್ ಫಂಕ್ಷನ್. ಇದರಲ್ಲಿ ಹಲವು ಬಗೆ ಇವೆ. ನಮಗೆ ಬೇಕಾದದ್ದು ಮೊದಲನೆಯದು, ಸೊನ್ನೆ ಕ್ರಮದ್ದು. ಫ್ರೀಡ್ರಿಶ್ ಬೆಸೆಲ್ (1784–1846) ಜರ್ಮನಿಯ ಖಗೋಳ ವಿಜ್ಞಾನಿ. ಗ್ರಹಗಳ ಚಲನೆಯ ಲೆಕ್ಕಕ್ಕಾಗಿ ಅವನು ಇದನ್ನು ಕ್ರಮವಾಗಿ ಅಭ್ಯಾಸ ಮಾಡಿದ. ಆದರೆ ಅವನು ಹುಟ್ಟುವ ಮೊದಲೇ, 1730ರ ದಶಕದಲ್ಲಿ, ಡೇನಿಯಲ್ ಬರ್ನೂಲಿ ತೂಗುಬಿಟ್ಟ ಸರಪಳಿಯ ಓಲಾಟದಲ್ಲಿ ಇದೇ ಶ್ರೇಣಿಯನ್ನು ಕಂಡಿದ್ದ. ಸರಪಳಿ ಎಂದರೆ ನಮ್ಮ ಮನೆಯಲ್ಲೂ ಇದೆ. ಕೆಸರಲ್ಲಿ ಹೂತ ಜೀಪನ್ನು ಎಳೆಯುವ ಸರಪಳಿ. ಅದಕ್ಕೆ ಆಮೇಲೆ ಬರೋಣ.

ಮೊದಲು ಲೆಕ್ಕ. ನಿಮ್ಮ ಸಂಖ್ಯೆಯನ್ನು ಎಕ್ಸ್ ಎನ್ನಿ. ಅದರ ಅರ್ಧ ತೆಗೆದುಕೊಂಡು ವರ್ಗ ಮಾಡಿ. ಬಂದದ್ದಕ್ಕೆ 'ವ' ಎಂದು ಹೆಸರಿಡಿ. ಇನ್ನು ಪುಸ್ತಕದ ದೊಡ್ಡ ಸೂತ್ರ ನೋಡಬೇಡಿ. ಫ್ಯಾಕ್ಟೋರಿಯಲ್‌ಗಳನ್ನು (1×2×3 ಎಂಬಂಥ ಗುಣಲಬ್ಧಗಳನ್ನು) ಬಿಡಿಸುತ್ತಾ ಕೂತರೆ ಸುಮ್ನೆ ತಪ್ಪಾಗುತ್ತದೆ. ಪ್ರತಿ ಪದವನ್ನೂ ಹಿಂದಿನ ಪದದಿಂದಲೇ ಹುಟ್ಟಿಸಿ. 1ರಿಂದ ಶುರು ಮಾಡಿ. ಅದನ್ನು 'ವ'ದಿಂದ ಗುಣಿಸಿ 1ರಿಂದ ಭಾಗಿಸಿ. ಬಂದದ್ದನ್ನು ಮತ್ತೆ 'ವ'ದಿಂದ ಗುಣಿಸಿ 4ರಿಂದ ಭಾಗಿಸಿ. ಆಮೇಲೆ 9, 16, 25, 36. ಮೊದಲ 1 ಕೂಡಿಸುವುದು, ಮುಂದಿನದು ಕಳೆಯುವುದು, ಅದರ ಮುಂದಿನದು ಕೂಡಿಸುವುದು. ಅಷ್ಟೇ.

ಎಕ್ಸ್ 2 ಆದರೆ 'ವ' 1. ಆಗ ಪದಗಳು 1, 1, 0.25, 0.027778, 0.001736, 0.000069, 0.000002. ಒಂದು ಬಿಟ್ಟು ಒಂದು ಕೂಡಿ ಕಳೆದರೆ 0.22389. ಏಳೇ ಪದ! ಹುಡುಗಿ ಮುಖ ನೋಡಬೇಕಿತ್ತು. ಅನಂತ ಎಂದರೆ ಕೊನೆಯವರೆಗೆ ಹೋಗಬೇಕು ಅಂತ ಅಲ್ಲ. ಚಿಹ್ನೆ ಒಂದಾದ ಮೇಲೊಂದು ಬದಲಾಗುತ್ತಾ, ಪದಗಳೂ ಸಣ್ಣದಾಗುತ್ತಾ ಹೋದರೆ, ನೀವು ನಿಲ್ಲಿಸಿದ ಕಡೆ ಆಗುವ ತಪ್ಪು ನೀವು ಬಿಟ್ಟ ಮೊದಲ ಪದಕ್ಕಿಂತ ಜಾಸ್ತಿ ಇರುವುದಿಲ್ಲ. ಮುಂದಿನ ಪದ ಎಷ್ಟು ಚಿಕ್ಕದು ಎಂದು ನೋಡಿ, ಸಾಕೆನಿಸಿದಾಗ ನಿಲ್ಲಿಸಿ.

ಈಗ ಸರಪಳಿಗೆ ಬೇಕಾದ ಸಂಖ್ಯೆ. ಸರಪಳಿ ಯಾವ ಜಾಗದಲ್ಲಿ ಎಷ್ಟು ಓಲಾಡುತ್ತದೆ ಎಂದು ಈ ಫಂಕ್ಷನ್ ಹೇಳುತ್ತದೆ. ಮೇಲೆ ಕಟ್ಟಿದ ತುದಿ ಅಲುಗುವುದಿಲ್ಲ, ಅಲ್ಲಿ ಅದು ಸೊನ್ನೆ. ಈ ಫಂಕ್ಷನ್ ಮೊದಲ ಸಲ ಸೊನ್ನೆಯಾಗುವುದು ಎಲ್ಲಿ? 2ರ ಹತ್ತಿರ ಇನ್ನೂ 0.22 ಇದೆ, ಸ್ವಲ್ಪ ಮುಂದೆ ಹೋಗೋಣ. 2.4 ಹಿಡಿಯಿರಿ. ಅರ್ಧ 1.2, 'ವ' 1.44.

1 − 1.44 + 0.5184 − 0.082944 + 0.007465 − 0.000430 + 0.000017

ಉತ್ತರ 0.002508. ಸೊನ್ನೆಗೆ ಬಹಳ ಹತ್ತಿರ. 2.41ಕ್ಕೆ ಹೀಗೆಯೇ ಮಾಡಿದರೆ 'ವ' 1.452025, ಉತ್ತರ −0.002683. ಒಂದು ಕಡೆ ಕೂಡು, ಒಂದು ಕಡೆ ಕಳೆ. ಅಂದರೆ ಸೊನ್ನೆ ಇವೆರಡರ ನಡುವೆ ಇದೆ. 0.002508ನ್ನು ಎರಡರ ಅಂತರವಾದ 0.005191ರಿಂದ ಭಾಗಿಸಿದರೆ 0.483. 2.4ರಿಂದ 2.41ಕ್ಕೆ ಇರುವ 0.01ರಲ್ಲಿ ಅಷ್ಟು ಭಾಗ ಮುಂದೆ ಹೋದರೆ 2.40483 ಸಿಕ್ಕಿತು. ಪಟ್ಟಿಗಳಲ್ಲಿರುವ ಬೆಲೆ 2.404826.

ಹುಡುಗಿಗೆ ಮೊದಲ ಸಲ 2.4ಕ್ಕೆ 0.237 ಬಂದಿತ್ತು. ನಿಮಗೂ ಹಾಗೆ ಬಂದರೆ 4, 9, 16ರ ಬದಲು 2, 3, 4ರಿಂದ ಭಾಗಿಸಿದ್ದೀರಿ ಎಂದೇ ಅರ್ಥ. ಅದು ಬೇರೆಯೇ ಶ್ರೇಣಿ, ಘಾತೀಯ ಫಂಕ್ಷನ್ನಿನದು. ಅದು ಇಳಿಯುತ್ತಾ ಹೋಗುತ್ತದೆ, ಯಾವತ್ತೂ ಸೊನ್ನೆ ಮುಟ್ಟುವುದಿಲ್ಲ. ಆ ಒಂದು ವರ್ಗದಿಂದಲೇ ಬೆಸೆಲ್ ಫಂಕ್ಷನ್ ಸೊನ್ನೆಯ ಆಚೆ ಈಚೆ ಓಲಾಡುತ್ತದೆ. ನನಗೆ ಇದು ಇವತ್ತಿಗೂ ಅಚ್ಚರಿ.

ದೊಡ್ಡ ಸಂಖ್ಯೆಗಳಿಗೆ ಮಾತ್ರ ಈ ದಾರಿ ಬೇಡ. ಎಕ್ಸ್ 10 ಆದರೆ ಪದಗಳು ಮೊದಲು 678ರವರೆಗೆ ಏರಿ ಆಮೇಲೆ ಇಳಿಯುತ್ತವೆ, ಕೊನೆಗೆ ಉಳಿಯುವ ಉತ್ತರ ಬರೀ −0.2459. ಅಷ್ಟು ದೊಡ್ಡದರಿಂದ ಇಷ್ಟು ಸಣ್ಣದನ್ನು ಉಳಿಸಿಕೊಳ್ಳಲು ದಶಮಾಂಶದ ಎಷ್ಟೋ ಸ್ಥಾನ ಹಿಡಿದುಕೊಂಡು ಹೋಗಬೇಕು.

ಇನ್ನು ಸರಪಳಿ. ಕಾಫಿ ಗೋಡೌನಿನ ತೊಲೆಗೆ ಕಟ್ಟಿದೆವು. ಕಟ್ಟಿದ ಜಾಗದಿಂದ ಕೆಳಗಿನ ಕೊಂಡಿಯವರೆಗೆ ಎರಡೂವರೆ ಮೀಟರ್. ಲೆಕ್ಕ ಹೀಗೆ: ಉದ್ದವನ್ನು ಗುರುತ್ವದಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಅದನ್ನು 12.566ರಿಂದ, ಅಂದರೆ ನಾಲ್ಕು ಪೈಯಿಂದ, ಗುಣಿಸಿ 2.4048ರಿಂದ ಭಾಗಿಸಿ. ಒಂದು ಪೂರ್ತಿ ಓಲಾಟಕ್ಕೆ ಹಿಡಿಯುವ ಸಮಯ ಅದು. ಗುರುತ್ವಕ್ಕೆ ಶಾಲೆಯ 9.8ರ ಬದಲು 9.78 ಹಾಕಿ. ಭೂಮಧ್ಯರೇಖೆಗೆ ಹತ್ತಿರ, ಮೇಲೆ ಬೆಟ್ಟ, ನಮ್ಮ ಕಡೆಗೆ ಅದೇ ಸರಿ. ಬರುವುದು 2.642 ಸೆಕೆಂಡ್. ಇಪ್ಪತ್ತು ಓಲಾಟಕ್ಕೆ 52.8.

ಓಲಾಡಿಸಿ ಎಣಿಸಿದಾಗ ಮೊದಲ ಸಲ ನಮಗೆ 56 ಬಂತು. ಒಂದು ಗಳಿಗೆ ಇಬ್ಬರೂ ಸುಮ್ಮನಾದೆವು. ಆಮೇಲೆ ನೋಡಿದರೆ ಎಳೆಯುವ ಕಬ್ಬಿಣದ ಕೊಕ್ಕೆ ಕೆಳತುದಿಯಲ್ಲೇ ಇದೆ! ಕೆಳಗೆ ಭಾರ ಇದ್ದರೆ ಸರಪಳಿ ಲೋಲಕದ ಕಡೆ ವಾಲುತ್ತದೆ. ಇದೇ ಉದ್ದದ ಲೋಲಕಕ್ಕೆ 63.5 ಸೆಕೆಂಡ್ ಬೇಕು. ಸರಪಳಿಯನ್ನು ತಿರುಗಿಸಿ, ಕೊಕ್ಕೆಯನ್ನು ಮೇಲೆ ಮಾಡಿ, ಉದ್ದ ಮತ್ತೆ ಅಳೆದು ಕಟ್ಟಿದೆವು.

ಬಿಡುವಾಗಲೂ ಒಂದು ಜಾಗ್ರತೆ ಬೇಕು. ಕೆಳತುದಿ ಮಾತ್ರ ಎಳೆದು ಬಿಟ್ಟರೆ ಹಾವಿನ ಹಾಗೆ ನುಲಿಯುತ್ತದೆ, ಎಣಿಸಲು ಆಗುವುದಿಲ್ಲ. ಕೆಳತುದಿಯನ್ನು 10 ಸೆಂಟಿಮೀಟರ್ ಎಳೆದರೆ ನಡುವನ್ನು ಇನ್ನೊಂದು ಕೈಯಲ್ಲಿ 4 ಸೆಂಟಿಮೀಟರ್ ಎಳೆಯಿರಿ. ಆ 4 ಕೂಡ ನಮ್ಮ ಶ್ರೇಣಿಯದ್ದೇ. 2.4048ನ್ನು 2ರ ವರ್ಗಮೂಲದಿಂದ ಭಾಗಿಸಿ ಬೆಸೆಲ್ ಫಂಕ್ಷನ್ನಿಗೆ ಹಾಕಿದರೆ 0.398 ಬರುತ್ತದೆ. ಬಿಟ್ಟ ಮೇಲೆ ನಾಲ್ಕೈದು ಓಲಾಟ ಹಾಗೇ ಹೋಗಲಿ, ಆಮೇಲೆ ಎಣಿಸಿ. ಹುಡುಗಿ ಎಣಿಸಿದಳು, ನಾನು ಕೈಗಡಿಯಾರದ ಮುಳ್ಳು ನೋಡಿದೆ. ಇಪ್ಪತ್ತಕ್ಕೆ 53.

ಇನ್ನೊಂದು ಮಾಡಿ ನೋಡಿ. ಈ ಫಂಕ್ಷನ್ನಿನ ಎರಡನೆಯ ಸೊನ್ನೆ 5.5201. 2.4048ನ್ನು ಅದರಿಂದ ಭಾಗಿಸಿ ವರ್ಗ ಮಾಡಿದರೆ 0.19. ನಮ್ಮ ಸರಪಳಿಗೆ ಅದು ಕೆಳಗಿನಿಂದ 47 ಸೆಂಟಿಮೀಟರ್. ಆ ಕೊಂಡಿಗೆ ಒಂದು ಕೆಂಪು ದಾರ ಕಟ್ಟಿ. ಏಣಿ ಹತ್ತಿ ಮೇಲಿನ ತುದಿಯನ್ನು ತೊಲೆಯಿಂದ ಬಿಚ್ಚಿ ಕೈಯಲ್ಲಿ ಹಿಡಿದು, 1.15 ಸೆಕೆಂಡಿಗೆ (ಮೊದಲಿನ ಲೆಕ್ಕದಲ್ಲಿ 2.4048ರ ಬದಲು 5.5201 ಹಾಕಿದರೆ ಬರುವ ಸಮಯ) ಒಂದು ಸಲದಂತೆ ಸ್ವಲ್ಪವೇ ಆಚೆ ಈಚೆ ಆಡಿಸುತ್ತಾ ಇರಿ. ಹದ ಸಿಕ್ಕಿದ ಕೂಡಲೇ ದಾರದ ಮೇಲಿನ ಭಾಗ ಒಂದು ಕಡೆ, ಕೆಳಗಿನ ಭಾಗ ಇನ್ನೊಂದು ಕಡೆ ಹೋಗುತ್ತದೆ. ಕೆಂಪು ದಾರ ಮಾತ್ರ ಹೆಚ್ಚುಕಮ್ಮಿ ಇದ್ದಲ್ಲೇ ನಿಂತಿರುತ್ತದೆ.