ಒಂದು ಎಕರೆಯಲ್ಲಿ ಎಂಟು ಗುಂಟೆ: ಜಾವಾದ ಪಾಠ ಮಾಡಿದ ನನ್ನ ಅನುಭವ

ನಾನು ಮೂಡಿಗೆರೆ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮೊದಲ ಕೆಲವು ವರ್ಷ ಸಾಮ್ರಾಜ್ಯಶಾಹಿಯ ಪಾಠ ಬಂದಾಗ ಎಲ್ಲರ ಹಾಗೇ ಮಾಡುತ್ತಿದ್ದೆ. ಬೋರ್ಡಿನ ಎಡಗಡೆ ಕಾರಣಗಳು, ಬಲಗಡೆ ಪರಿಣಾಮಗಳು. ಬ್ರಿಟಿಷರು ಎಲ್ಲೆಲ್ಲಿ, ಫ್ರೆಂಚರು ಎಲ್ಲೆಲ್ಲಿ, ಡಚ್ಚರು ಎಲ್ಲೆಲ್ಲಿ. ಮಕ್ಕಳು ಬರೆದುಕೊಂಡು ಉರು ಹೊಡೆಯುತ್ತಿದ್ದರು, ಅಂಕವೂ ಬರುತ್ತಿತ್ತು. ಆದರೆ ವಾರ ಬಿಟ್ಟು ಇಂಡೋನೇಷ್ಯಾ ಯಾರ ಕೈಲಿತ್ತು ಅಂತ ಕೇಳಿದರೆ ಅರ್ಧ ತರಗತಿ ಫ್ರೆಂಚರು ಅನ್ನುತ್ತಿತ್ತು. ತಪ್ಪು ಅವರದಲ್ಲ. ಹತ್ತು ದೇಶವನ್ನು ಒಂದು ಪೀರಿಯಡ್‌ನಲ್ಲಿ ತುರುಕಿದರೆ ಯಾವುದೂ ನಿಲ್ಲುವುದಿಲ್ಲ.

ಆಮೇಲೆ ಒಂದು ವರ್ಷ ಗಟ್ಟಿ ಮನಸ್ಸು ಮಾಡಿದೆ. ಏಷ್ಯಾದ ಒಂದೇ ಜಾಗ ತೆಗೆದುಕೊಳ್ಳುತ್ತೇನೆ, ಅದನ್ನೇ ಬುಡದಿಂದ ತುದಿವರೆಗೆ ಹೇಳುತ್ತೇನೆ, ಉಳಿದ ದೇಶಗಳಿಗೆ ಕೊನೆಯ ಎರಡು ಪೀರಿಯಡ್ ಸಾಕು ಅಂತ. ಇಂಡೋನೇಷ್ಯಾದ ಜಾವಾ ದ್ವೀಪವನ್ನು ಆರಿಸಿಕೊಂಡಿದ್ದಕ್ಕೆ ಕಾರಣ ಕಾಫಿ. ನಮ್ಮ ಮಕ್ಕಳಲ್ಲಿ ಕೆಲವರ ಮನೆಯಲ್ಲಿ ತೋಟ ಇದೆ, ಜಾಸ್ತಿ ಜನರ ಮನೆಯವರು ಬೇರೆಯವರ ತೋಟಕ್ಕೆ ಕೆಲಸಕ್ಕೆ ಹೋಗುತ್ತಾರೆ. ಬಾಬಾಬುಡನ್ ಮೋಚಾದಿಂದ ಏಳು ಬೀಜ ತಂದ ಕತೆ ಇಲ್ಲಿ ಎಲ್ಲರಿಗೂ ಗೊತ್ತು. ಡಚ್ಚರು ಜಾವಾದಲ್ಲಿ ಮೊದಲು ನೆಟ್ಟ ಕಾಫಿ ಗಿಡಗಳು ಹೋಗಿದ್ದು ಮಲಬಾರ್ ಕರಾವಳಿಯಿಂದ ಅನ್ನೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. 1696ರಲ್ಲಿ ಕಳಿಸಿದ ಗಿಡಗಳು ನೆರೆಗೆ ಹೋದವು, 1699ರಲ್ಲಿ ಮತ್ತೆ ಕಳಿಸಿದರು, ಆಗ ಬೇರು ಬಿಟ್ಟವು. ಇಷ್ಟು ಹೇಳಿದ್ದೇ ತಡ, ಹಿಂದಿನ ಬೆಂಚಿನವರೂ ತಲೆ ಎತ್ತಿದರು.

ಕಂಪನಿಯ ಕತೆಯನ್ನು ಬೇಗ ಮುಗಿಸಿದೆ. 1602ರಲ್ಲಿ ಹಾಲೆಂಡಿನವರ ಡಚ್ ವ್ಯಾಪಾರ ಕಂಪನಿ ಹುಟ್ಟಿತು, 1619ರಲ್ಲಿ ಬಟಾವಿಯಾ ಕಟ್ಟಿದರು, ಅದೇ ಇವತ್ತಿನ ಜಕಾರ್ತ. ಬಾಂಡಾ ದ್ವೀಪಗಳ ವಿಷಯ ಮಾತ್ರ ಬಿಡಲಿಲ್ಲ. ಅಡುಗೆಮನೆಯಿಂದ ಒಂದು ಜಾಯಿಕಾಯಿ ತಂದು ಮೇಜಿನ ಮೇಲಿಟ್ಟೆ. ಆಗ ಪ್ರಪಂಚಕ್ಕೆಲ್ಲ ಇದು ಸಿಗುತ್ತಿದ್ದುದು ಆ ಪುಟ್ಟ ದ್ವೀಪಗಳಿಂದ. ಬೇರೆಯವರಿಗೆ ಮಾರಬಾರದು ಅನ್ನೋ ಹಠಕ್ಕೆ 1621ರಲ್ಲಿ ಕೂನ್ ಅನ್ನೋ ಗವರ್ನರ್ ಜನರಲ್ ಅಲ್ಲಿನ ಜನರನ್ನೇ ಹೆಚ್ಚುಕಮ್ಮಿ ಇಲ್ಲವಾಗಿಸಿದ. ಕೊಂದರು, ಹಸಿವಿನಿಂದ ಸಾಯಿಸಿದರು, ಗುಲಾಮರಾಗಿ ಸಾಗಿಸಿದರು. ಆ ಜಾಯಿಕಾಯಿ ಬೆಂಚಿನಿಂದ ಬೆಂಚಿಗೆ ಕೈದಾಟಿ ಬರುವಷ್ಟು ಹೊತ್ತು ನಾನು ಏನೂ ಮಾತಾಡಲಿಲ್ಲ.

ಆಮೇಲೆ ಬಂದಿದ್ದು ನಮ್ಮ ಊರಿಗೂ ತಾಗುವ ಭಾಗ. 1811ರಲ್ಲಿ ಬ್ರಿಟಿಷರು ಜಾವಾವನ್ನು ಹಿಡಿದರು. ಆ ದಂಡಿನಲ್ಲಿ ಇದ್ದವರು ಯಾರು ನೋಡಿ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯನ್ನೆಲ್ಲ ಅಳೆದು, ಶಾಸನ, ಕೈಫಿಯತ್ತು ಕಲೆಹಾಕಿದ ಕಾಲಿನ್ ಮೆಕೆಂಜಿ. 1806ರಲ್ಲಿ ವೆಲ್ಲೂರಿನ ಸಿಪಾಯಿ ದಂಗೆಯನ್ನು ತುಳಿದ ಗಿಲೆಸ್ಪಿ. ಇವರ ಜೊತೆ ನಮ್ಮ ದೇಶದ ಸಿಪಾಯಿಗಳು. 1812ರ ಜೂನ್‌ನಲ್ಲಿ ಇವರೆಲ್ಲ ಸೇರಿ ಯೋಗ್ಯಕರ್ತದ ಸುಲ್ತಾನನ ಅರಮನೆಗೆ ನುಗ್ಗಿ ಖಜಾನೆ ಜೊತೆಗೆ ಪುಸ್ತಕ ಭಂಡಾರವನ್ನೂ ದೋಚಿದರು. ಒಬ್ಬ ಹುಡುಗ ಎದ್ದು ನಿಂತು, "ನಮ್ಮವರೂ ಹೋಗಿದ್ರಾ ಮೇಡಂ?" ಅಂದ. ಹೌದು ಅಂದೆ. ಇದನ್ನು ಮುಚ್ಚಿಟ್ಟು ಪಾಠ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಒಂದು ದೇಶದ ಬಡವನಿಗೆ ಸಂಬಳ ಕೊಟ್ಟು ಇನ್ನೊಂದು ದೇಶದ ಬಡವನ ಮೇಲೆ ಬಿಡುವುದು ಸಾಮ್ರಾಜ್ಯ ನಡೆಯುತ್ತಿದ್ದ ಕ್ರಮ, ಅದು ಮಕ್ಕಳಿಗೆ ಗೊತ್ತಾಗಬೇಕು.

ಆ ಅರಮನೆಯ ಅವಮಾನವನ್ನು ಕಣ್ಣಾರೆ ಕಂಡ ರಾಜಕುಮಾರ ಡಿಪೊನೆಗೊರೊ. ಬ್ರಿಟಿಷರು ಹೋಗಿ ಡಚ್ಚರು ಮರಳಿ ಬಂದ ಮೇಲೆ ಸುಂಕದ ಕಟ್ಟೆಗಳು ಜಾಸ್ತಿಯಾದವು, ಸಂತೆಗೆ ಹೋಗುವ ಹೆಂಗಸಿನ ತಲೆ ಮೇಲಿನ ಬುಟ್ಟಿಗೂ ಸುಂಕ. 1825ರಲ್ಲಿ ಅವನು ದಂಗೆ ಎದ್ದ. ಐದು ವರ್ಷದ ಯುದ್ಧದಲ್ಲಿ ಸುಮಾರು 2 ಲಕ್ಷ ಜಾವಾ ಜನ ಸತ್ತರು. ಕೊನೆಗೆ 1830ರ ಮಾರ್ಚ್ 28ರಂದು ಮಾತುಕತೆಗೆ ಅಂತ ಕರೆಸಿ ಅಲ್ಲೇ ಸೆರೆ ಹಿಡಿದರು. ಆ ತಾರೀಕನ್ನು ಬೋರ್ಡಿನ ಮೇಲೆ ಬರೆದು ಪಕ್ಕದಲ್ಲಿ ಸಂಗೊಳ್ಳಿ ರಾಯಣ್ಣ ಅಂತ ಬರೆದೆ. ರಾಯಣ್ಣನನ್ನು ಮೋಸದಿಂದ ಹಿಡಿದಿದ್ದೂ ಅದೇ 1830ರಲ್ಲಿ, ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಇಬ್ಬರಿಗೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಇದಕ್ಕಿಂತ ಜಾಸ್ತಿ ವಿವರಿಸಬೇಕಾಗಲಿಲ್ಲ.

ಯುದ್ಧದಿಂದ ಡಚ್ಚರ ಬೊಕ್ಕಸ ಬರಿದಾಗಿತ್ತು. ಅದನ್ನು ತುಂಬಿಸಲು 1830ರಲ್ಲಿ ಫಾನ್ ಡೆನ್ ಬಾಸ್ ಅನ್ನೋ ಗವರ್ನರ್ ಜನರಲ್ ಹೊಸ ಪದ್ಧತಿ ತಂದ. ಹಳ್ಳಿಯ ಜಮೀನಿನಲ್ಲಿ ಐದನೇ ಒಂದು ಭಾಗದಲ್ಲಿ ಸರ್ಕಾರ ಹೇಳಿದ ಬೆಳೆ, ಅಂದರೆ ಕಬ್ಬು, ನೀಲಿ, ಇಂಥವು. ಕಾಫಿಯ ಲೆಕ್ಕ ಬೇರೆ, ಅದಕ್ಕೆ ಗುಡ್ಡದ ಮೇಲೆ ಮನೆಗೆ ಇಷ್ಟು ಗಿಡ ಅಂತ ಕಟ್ಟುಪಾಡು. ಬೆಲೆಯನ್ನೂ ಸರ್ಕಾರವೇ ಕಟ್ಟುತ್ತದೆ. ಇದನ್ನು ಬೋರ್ಡಿನ ಮೇಲೆ ಹೇಳಿದರೆ ತಲೆಗೆ ಹೋಗುವುದಿಲ್ಲ ಅಂತ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ಬಾವಿ ಹಗ್ಗ ತಂದು ಒಂದು ಚೌಕ ಹಾಕಿಸಿದೆ. ಇದು ನಿಮ್ಮ ಒಂದು ಎಕರೆ ಗದ್ದೆ, 40 ಗುಂಟೆ. ಐದನೇ ಒಂದು ಭಾಗ ಎಷ್ಟು? ಎಂಟು ಗುಂಟೆ. ಸುಣ್ಣದ ಪುಡಿಯಲ್ಲಿ ಗೆರೆ ಎಳೆದರು. ಎಂಟೇ ಗುಂಟೆ ಅಲ್ವಾ ಮೇಡಂ, ಅಷ್ಟೇನೂ ಇಲ್ಲ ಅಂದರು. ಸರಿ, ಅದು ಕಾಗದದ ಮೇಲಿನ ಲೆಕ್ಕ. ಯಾವ ಎಂಟು ಗುಂಟೆ ಅಂತ ಆರಿಸುವವರು ಯಾರು? ಅಧಿಕಾರಿಗೂ ಊರ ಗೌಡನಿಗೂ ಬೆಳೆಯ ಮೇಲೆ ಕಮಿಷನ್ ಇತ್ತು. ಹಾಗಾಗಿ ನೀರು ಹತ್ತಿರ ಇರುವ ಒಳ್ಳೆಯ ಗದ್ದೆಯೇ ಕಬ್ಬಿಗೆ ಹೋಯಿತು, ಎಂಟು ಅನ್ನೋದು ಎಷ್ಟೋ ಕಡೆ ಹತ್ತಾಯಿತು, ಇಪ್ಪತ್ತೂ ಆಯಿತು, ಅದರ ಮೇಲೆ ಕಂದಾಯವನ್ನೂ ಬಿಡಲಿಲ್ಲ. ನಾನು ಹೇಳುತ್ತಾ ಹೋದ ಹಾಗೆ ಇಬ್ಬರು ಹುಡುಗರು ಸುಣ್ಣದ ಗೆರೆಯನ್ನು ಒಳಗೊಳಗೆ ಸರಿಸುತ್ತಾ ಬಂದರು. ಉಳಿದ ಜಾಗದಲ್ಲಿ ಮನೆಯವರಾಗಿ ನಿಂತಿದ್ದ ಐದು ಮಂದಿ ಒಬ್ಬರಿಗೊಬ್ಬರು ಅಂಟಿಕೊಂಡು ನಿಲ್ಲಬೇಕಾಯಿತು.

ಆಗ ಹಗ್ಗದ ಆಚೆ ನಿಂತಿದ್ದ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: "ಮೇಡಂ, ನಮ್ಮನೇಲಿ ಒಂದು ಗುಂಟೆನೂ ಇಲ್ಲ. ನಾನೆಲ್ಲಿ ನಿಲ್ಲಲಿ?"

ಅವಳ ಅಪ್ಪ ಅಮ್ಮ ಇಬ್ಬರೂ ತೋಟದ ಲೈನ್ ಮನೆಯಲ್ಲಿ ಇರುವವರು. ಹಗ್ಗದ ಆಟ ಕಟ್ಟುವಾಗ ನಾನು ಜಮೀನು ಇರುವವರನ್ನಷ್ಟೇ ನೆನೆಸಿಕೊಂಡಿದ್ದೆ, ಅದು ನನ್ನದೇ ತಪ್ಪು. ಅದೇ ಪದ್ಧತಿಯಲ್ಲಿ ಜಮೀನಿಲ್ಲದವರಿಗೆ ಬೇರೆ ಲೆಕ್ಕ ಇತ್ತು: ವರ್ಷಕ್ಕೆ 66 ದಿನ ಸರ್ಕಾರದ ಬೆಳೆಯಲ್ಲಿ ದುಡಿಯಬೇಕು. ಮರುದಿನ ಮಾರುಕಟ್ಟೆಯ ಕ್ಯಾಲೆಂಡರ್ ಒಂದನ್ನು ತಂದು ಅವಳ ಕೈಗೆ ಕೆಂಪು ಪೆನ್ನು ಕೊಟ್ಟೆ. ಡಿಸೆಂಬರ್‌ನಿಂದ ಶುರು ಮಾಡಿದಳು, ಯಾಕೆಂದರೆ ಹಣ್ಣು ಕೊಯ್ಯುವುದು ಆಗ ಅಂತ ಅವಳಿಗೆ ಗೊತ್ತು. ಫೆಬ್ರವರಿ ಮೊದಲ ವಾರದವರೆಗೂ ಕೆಂಪಾಯಿತು. ಇದೂ ಕಾಗದದ ಲೆಕ್ಕವೇ, ನಿಜದಲ್ಲಿ ದಿನಗಳು ಇದನ್ನು ಮೀರುತ್ತಿದ್ದವು ಅಂತ ಹೇಳಿದೆ. ಆ ಕ್ಯಾಲೆಂಡರ್ ಈಗಲೂ ನಮ್ಮ ತರಗತಿಯ ಗೋಡೆ ಮೇಲಿದೆ. 1840ರ ದಶಕದ ಕೊನೆಗೆ ಡೆಮಾಕ್, ಗ್ರೊಬೊಗಾನ್ ಕಡೆ ಬರ ಬಿದ್ದು ಜನ ಹಸಿವಿನಿಂದ ಸತ್ತರು, ಅದೇ ಹೊತ್ತಿನಲ್ಲಿ ಜಾವಾದ ದುಡ್ಡಿನಿಂದ ಹಾಲೆಂಡಿನ ಸಾಲ ತೀರುತ್ತಿತ್ತು ಅಂತ ಹೇಳುವಾಗ ಯಾರೂ ಯಾಕೆ ಅಂತ ಕೇಳಲಿಲ್ಲ, ಯಾಕೆ ಅನ್ನೋದು ಗೋಡೆ ಮೇಲೇ ಇತ್ತು.

ರಾಷ್ಟ್ರೀಯತೆ ಪಾಠ ಮಾಡುವುದು ಇದಕ್ಕಿಂತ ಕಷ್ಟ. ಸಿಟ್ಟು ಅರ್ಥವಾಗುತ್ತದೆ, ಆದರೆ ಸಾವಿರಾರು ದ್ವೀಪ, ನೂರಾರು ಭಾಷೆಯ ಜನ ನಾವೆಲ್ಲ ಒಂದು ಅಂತ ಹೇಗೆ ಅಂದರು? ಅದು ತಾನಾಗಿ ಆಗಲಿಲ್ಲ. ಕೂತು, ಬರೆದು, ಜಗಳವಾಡಿ ಮಾಡಿದರು. ನಾನು ಮಕ್ಕಳಿಗೆ ಮುಖ್ಯವಾಗಿ ಕಾಣಿಸಬೇಕು ಅಂತಿದ್ದುದು ಇದನ್ನೇ.

1908ರಲ್ಲಿ ಬಟಾವಿಯಾದ ವೈದ್ಯಕೀಯ ಶಾಲೆಯ ಹುಡುಗರು ಬುಡಿ ಉಟೊಮೊ ಅನ್ನೋ ಸಂಘ ಕಟ್ಟಿದ್ದನ್ನು ಹೇಳಿ ನೇರವಾಗಿ 1913ಕ್ಕೆ ಬಂದೆ. ಆ ವರ್ಷ ಹಾಲೆಂಡು ನೆಪೋಲಿಯನ್ನನ ಕೈಯಿಂದ ಬಿಡಿಸಿಕೊಂಡು ನೂರು ವರ್ಷ. ಆ ಸ್ವಾತಂತ್ರ್ಯದ ಹಬ್ಬವನ್ನು ಜಾವಾದಲ್ಲೂ ಮಾಡಬೇಕು, ಅದಕ್ಕೆ ಅಲ್ಲಿನವರೂ ಚಂದಾ ಕೊಡಬೇಕು ಅಂತ ಓಡಾಟ ಶುರುವಾಯಿತು. ಕತೆಯನ್ನು ಇಲ್ಲಿಗೇ ನಿಲ್ಲಿಸಿ ಹಾಳೆ ಕೊಟ್ಟೆ. ನೀವು ಆ ಊರಿನ ಪತ್ರಿಕೆಯವರು, ಏನು ಬರೆಯುತ್ತೀರಿ? ಜಾಸ್ತಿ ಮಕ್ಕಳು ಬೈಗುಳ ಬರೆದರು. ಒಬ್ಬ ಮಾತ್ರ, "ನಮ್ಮ ಮನೆಗೆ ಬೀಗ ಹಾಕಿ, ನಿಮ್ಮ ಗೃಹಪ್ರವೇಶಕ್ಕೆ ನಮ್ಮ ಹತ್ರಾನೇ ಮುಯ್ಯಿ ಕೇಳ್ತೀರಾ?" ಅಂತ ಬರೆದ. ಆಮೇಲೆ ಸುವರ್ಡಿ ಸೂರ್ಯನಿಂಗ್ರಾಟ್ ಅನ್ನೋ ಇಪ್ಪತ್ತನಾಲ್ಕರ ಯುವಕ ನಿಜವಾಗಿ ಏನು ಬರೆದ ಅಂತ ಹೇಳಿದೆ. ನಾನೊಬ್ಬ ಡಚ್ಚನಾಗಿದ್ದರೆ, ಸ್ವಾತಂತ್ರ್ಯ ಕಿತ್ತುಕೊಂಡ ನೆಲದಲ್ಲಿ ನಿಂತು ನನ್ನ ಸ್ವಾತಂತ್ರ್ಯದ ಹಬ್ಬ ಮಾಡಲು ನನಗೆ ನಾಚಿಕೆ ಆಗುತ್ತಿತ್ತು, ಅನ್ನೋದು ಅವನ ಮಾತಿನ ತಾತ್ಪರ್ಯ. ಅದನ್ನು ಡಚ್ ಭಾಷೆಯಲ್ಲೇ ಬರೆದ, ಅವರಿಗೆ ನಾಟಲಿ ಅಂತ. ಅವನನ್ನು ಗಡೀಪಾರು ಮಾಡಿದರು. ಮುಂದೆ ಕಿ ಹಜರ್ ದೇವಾಂತರ ಅಂತ ಹೆಸರಾದ ಅವನೇ 1922ರಲ್ಲಿ ಯೋಗ್ಯಕರ್ತದಲ್ಲಿ ತಮನ್ ಸಿಸ್ವ ಶಾಲೆ ತೆರೆದ. ಅವನ ಹುಟ್ಟುಹಬ್ಬ ಮೇ 2, ಇಂಡೋನೇಷ್ಯಾದಲ್ಲಿ ಅದೇ ಶಿಕ್ಷಣ ದಿನ.

ನನಗೆ ತುಂಬಾ ಇಷ್ಟವಾದ ಪೀರಿಯಡ್ ಅಂದರೆ 1928ರ ಅಕ್ಟೋಬರ್ 28ರದ್ದು. ಬಟಾವಿಯಾದ ಒಂದು ವಿದ್ಯಾರ್ಥಿ ನಿಲಯದಲ್ಲಿ ಬೇರೆ ಬೇರೆ ದ್ವೀಪದ ಹುಡುಗ ಹುಡುಗಿಯರು ಸೇರಿ ಮೂರು ಸಾಲಿನ ಪ್ರತಿಜ್ಞೆ ಮಾಡಿದರು. ಒಂದು ತಾಯ್ನಾಡು, ಒಂದು ಜನ, ಇಂಡೋನೇಷ್ಯಾ. ಮೂರನೆಯದು ಭಾಷೆ. ಪೊಲೀಸರು ಕಣ್ಣಿಟ್ಟಿದ್ದರಿಂದ ಅವರ ಇವತ್ತಿನ ರಾಷ್ಟ್ರಗೀತೆಯನ್ನು, ಅದನ್ನು ಕಟ್ಟಿದ ಸುಪ್ರತ್ಮನ್ ಹಾಡದೆ ಬರೀ ಪಿಟೀಲಿನಲ್ಲಿ ನುಡಿಸಿದ. ಭಾಷೆಯ ಮಾತು ಬಂದ ಕೂಡಲೇ ತರಗತಿ ಎದ್ದು ಕೂತಿತು. ಜಾವಾದವರೇ ಜಾಸ್ತಿ ಇದ್ದರಲ್ಲ, ಅವರು ತಮ್ಮ ಭಾಷೆ ಬಿಟ್ಟು ಮಲಯ್ ಭಾಷೆಗೆ ಯಾಕೆ ಒಪ್ಪಿದರು? ನಮ್ಮಲ್ಲಾದರೆ ಒಪ್ಪುತ್ತಿದ್ದರಾ? ಒಂದು ಪೂರ್ತಿ ಪೀರಿಯಡ್ ಇದರಲ್ಲೇ ಹೋಯಿತು, ಹೋಗಲಿ ಅಂತ ಬಿಟ್ಟೆ. ಆಮೇಲೆ ಹೇಳಿದೆ: ಮಲಯ್ ಬಂದರಿನ, ಸಂತೆಯ ಭಾಷೆಯಾಗಿ ಆಗಲೇ ಎಲ್ಲ ದ್ವೀಪಕ್ಕೂ ಹೋಗಿತ್ತು. ಅದು ತಾಯ್ನುಡಿಯಾಗಿದ್ದವರು ಕಡಿಮೆ, ಹಾಗಾಗಿ ದೊಡ್ಡವರು ನಮ್ಮ ಮೇಲೆ ಹೇರಿದರು ಅನ್ನೋ ಮಾತಿಗೆ ಎಡೆ ಇರಲಿಲ್ಲ. ಇನ್ನೊಂದು ಕಾರಣ ನಮಗೆ ಸುಲಭವಾಗಿ ಅರ್ಥವಾಗುತ್ತದೆ. ನಮಗೆ ನೀನು, ನೀವು ಎರಡಿದ್ದರೆ, ಜಾವಾ ಭಾಷೆಯಲ್ಲಿ ಮೇಲಿನವರ ಜೊತೆ ಆಡುವ ಮಾತಿಗೂ ಕೆಳಗಿನವರ ಜೊತೆ ಆಡುವ ಮಾತಿಗೂ ಊಟ, ಮನೆ, ಹೋಗು ಅನ್ನೋ ಪದಗಳೇ ಬೇರೆ. ಎದುರಿಗಿರುವವನು ನನಗಿಂತ ಮೇಲೋ ಕೆಳಗೋ ಅಂತ ಅಳೆಯದೆ ಬಾಯಿ ತೆರೆಯುವುದೇ ಕಷ್ಟ. ಸಮಾನರಾಗಿ ಮಾತಾಡಲು ಅವರಿಗೆ ಇನ್ನೊಂದು ಭಾಷೆ ಬೇಕಿತ್ತು.

ಆ ಮೂರನೇ ಸಾಲಿನಲ್ಲಿ ಒಂದು ಸೂಕ್ಷ್ಮ ಇದೆ. ಮೊದಲ ಎರಡು ಸಾಲು ಒಂದು, ಒಂದು ಅನ್ನುತ್ತವೆ. ಮೂರನೆಯದು ಒಂದೇ ಭಾಷೆ ಅನ್ನುವುದಿಲ್ಲ. ಒಗ್ಗಟ್ಟಿನ ಭಾಷೆಯನ್ನು ಎತ್ತಿಹಿಡಿಯುತ್ತೇವೆ ಅನ್ನುತ್ತದೆ. ಅಲ್ಲಿ ಬಳಸಿದ ಪದಕ್ಕೆ ತಲೆ ಮೇಲೆ ಹೊರುವುದು ಅಂತಲೂ ಅರ್ಥ. ಮನೆಯ ಭಾಷೆ ಮನೆಯಲ್ಲೇ ಇತ್ತು, ಇದನ್ನು ತಲೆ ಮೇಲೆ ಹೊತ್ತರು. ತುಳು, ಕೊಂಕಣಿ, ತಮಿಳು, ಬ್ಯಾರಿ ಮಾತಾಡುವ ಮಕ್ಕಳು ನಮ್ಮ ತರಗತಿಯಲ್ಲಿದ್ದಾರೆ. ಅವರು ಈ ಸಾಲನ್ನು ನನಗಿಂತ ಮೊದಲೇ ಹಿಡಿದುಕೊಂಡರು.

ಸ್ವಾತಂತ್ರ್ಯ ಹೋರಾಟದ ನಾಯಕ ಸೊಕಾರ್ನೊ, ಜಪಾನಿಯರ ಆಳ್ವಿಕೆ, 1945ರ ಆಗಸ್ಟ್ 17ರ ಸ್ವಾತಂತ್ರ್ಯ ಘೋಷಣೆ, ಇವನ್ನು ಪಠ್ಯದ ಹಾಗೇ ಮಾಡಿದೆ. ಸುರಬಾಯಾದಲ್ಲಿ ಮಾತ್ರ ನಿಂತೆ. ಸೆಪ್ಟೆಂಬರ್‌ನಲ್ಲಿ ಅಲ್ಲಿನ ಹೋಟೆಲೊಂದರ ಮೇಲೆ ಡಚ್ ಬಾವುಟ ಹಾರಿತು. ಕೆಂಪು, ಬಿಳಿ, ನೀಲಿ. ಹುಡುಗರು ಮೇಲೆ ಹತ್ತಿ, ನೀಲಿ ಪಟ್ಟಿಯನ್ನು ಹರಿದು ಹಾಕಿ ಉಳಿದದ್ದನ್ನು ಮತ್ತೆ ಏರಿಸಿದರು. ಕೆಂಪು ಬಿಳಿ ಅವರ ಬಾವುಟ. ಮೂರು ಬಣ್ಣದ ಕಾಗದ ಅಂಟಿಸಿ ತಂದಿದ್ದೆ, ಹರಿಯಲು ಎಲ್ಲರೂ ಕೈ ಎತ್ತಿದರು. ಜಪಾನ್ ಸೋತ ಮೇಲೆ ಬಂದಿಳಿದು ನವೆಂಬರ್ 10ರಂದು ಆ ಊರಿನ ಮೇಲೆ ಬಿದ್ದ ಬ್ರಿಟಿಷ್ ಪಡೆಯಲ್ಲಿ ಮತ್ತೆ ಜಾಸ್ತಿ ಇದ್ದವರು ಭಾರತದ ಸೈನಿಕರು. ಅವರಲ್ಲಿ ಕೆಲವರು ಬಂದೂಕು ಸಮೇತ ಇಂಡೋನೇಷ್ಯಾದವರ ಕಡೆ ಸೇರಿಕೊಂಡರು. ಹಿಂದೆ ನಮ್ಮವರೂ ಹೋಗಿದ್ರಾ ಅಂತ ಕೇಳಿದ್ದ ಹುಡುಗ ಇದನ್ನು ಎರಡು ಸಲ ಹೇಳಿಸಿಕೊಂಡ. 1947ರಲ್ಲಿ ಬಿಜು ಪಟ್ನಾಯಕ್ ಡಚ್ಚರ ದಿಗ್ಬಂಧನ ದಾಟಿ ವಿಮಾನ ಹಾರಿಸಿಕೊಂಡು ಹೋಗಿ ಇಂಡೋನೇಷ್ಯಾದ ನಾಯಕ ಶಹರಿರ್ ಅವರನ್ನು ಕರೆತಂದ ಕತೆಯನ್ನು ಅವನೇ ಹುಡುಕಿಕೊಂಡು ಬಂದು ತರಗತಿಗೆ ಹೇಳಿದ. ಡಚ್ಚರು ಕೊನೆಗೆ ಒಪ್ಪಿ ಅಧಿಕಾರ ಬಿಟ್ಟಿದ್ದು 1949ರ ಡಿಸೆಂಬರ್ 27ರಂದು.

ಅಲ್ಲಿಗೆ ಪಾಠ ಮುಗಿಯಿತು ಅಂತ ಪುಸ್ತಕ ಮುಚ್ಚುತ್ತಿದ್ದೆ. ಕ್ಯಾಲೆಂಡರ್ ಹುಡುಗಿ ಕೈ ಎತ್ತಿದಳು.

"ಮೇಡಂ, ಆಮೇಲೆ ಆ ತೋಟ ಎಲ್ಲ ಯಾರದಾಯ್ತು?"

1957ರ ಕೊನೆಯವರೆಗೂ ಎಷ್ಟೋ ತೋಟ ಡಚ್ ಕಂಪನಿಗಳ ಕೈಯಲ್ಲೇ ಇದ್ದವು, ಆಗ ಕೆಲಸಗಾರರ ಸಂಘಗಳು ಒಳಗೆ ನುಗ್ಗಿ ಹಿಡಿದವು, ಸೈನ್ಯ ಬಂದು ಅವರ ಕೈಯಿಂದ ತೆಗೆದುಕೊಂಡಿತು, ಮುಂದಿನ ವರ್ಷ ಕಾನೂನು ಮಾಡಿ ಸರ್ಕಾರದ ಕಂಪನಿಗಳಿಗೆ ಸೇರಿಸಿದರು ಅಂತ ಹೇಳಿದೆ.

"ಕೂಲಿಯವರು?"

"ಕೂಲಿಯವರಾಗೇ ಉಳಿದರು."

ಅವಳು ಅದನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡಳು. ಈ ವರ್ಷದಿಂದ ಅದಕ್ಕೂ ಒಂದು ಪೀರಿಯಡ್ ಎತ್ತಿಟ್ಟಿದ್ದೇನೆ.